ಚಿಗರಿ ಬಸ್ಸಿನಲ್ಲಿ ಸಿಕ್ಕ ಅಕ್ಕಾರಿಗೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಚಿಗರಿಯಲ್ಲಿ ಪಕ್ಕ ಕೂತಿದ್ದ ಅಕ್ಕಾರೆ, ನಿಮ್ಮ ಹೆಸರು ಗೊತ್ತಿಲ್ಲ. ಅಂಗಡಿ ಲೆಕ್ಕಕ್ಕೆ ಅಂತ ನನ್ನ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ (ಮಾಹಿತಿಯನ್ನು ಟೇಬಲ್ಲುಗಳಲ್ಲಿ, ಅಂದರೆ ಸಾಲು-ಕಾಲಮ್ಮಿನ ಪಟ್ಟಿಗಳಲ್ಲಿ, ಇಡೋ ಸಾಫ್ಟ್‌ವೇರ್) ತೆರೆದಿದ್ದು ನೋಡಿ ನೀವಾಗೇ ಮಾತಾಡಿಸಿದಿರಿ.

ಗಿರಾಕಿಗಳಿಗೆ ಒಂದು ಟೇಬಲ್, ಬಿಲ್ಲುಗಳಿಗೆ ಇನ್ನೊಂದು. ಪ್ರತಿ ಗಿರಾಕಿಗೂ ಬೇರೆ ನಂಬರು, ಅದೇ ಪ್ರೈಮರಿ ಕೀ. ಬಿಲ್ಲಿನ ಟೇಬಲ್ಲಿನಲ್ಲಿ ಹೆಸರು, ವಿಳಾಸ ಮತ್ತೆ ಬರೆಯೋದು ಬೇಡ, ಆ ನಂಬರಷ್ಟೇ ಸಾಕು ಅಂದಿರಿ. ಒಂದೇ ಹೆಸರಿನ ಇಬ್ಬರು ಪಾಟೀಲರಿದ್ದರೂ ಲೆಕ್ಕ ಕಲಸಿಹೋಗಲ್ಲ. (ನಮ್ಮ ಕಡೆ ಪಾಟೀಲರಿಗೇನು ಕಮ್ಮಿ?) ಫೋನ್ ನಂಬರನ್ನು ಲೆಕ್ಕದ ಅಂಕಿ ಅಂತ ಅಲ್ಲ, ಟೆಕ್ಸ್ಟ್ ಅಂತಲೇ ಇಡಿ, ಅದನ್ನೇನು ಕೂಡಿಸ್ತೀರಾ ಅಂದಿದ್ದಂತೂ ಬಹಳ ಹಿಡಿಸಿತು.

ಬಾಕಿ ಬಿಲ್ಲುಗಳನ್ನಷ್ಟೇ ಹೆಕ್ಕಿ ಕೊಡೋ ಕ್ವೆರಿ ಓಡಿಸಿ ತೋರಿಸುವಷ್ಟರಲ್ಲಿ ನವಲೂರು ದಾಟಿತ್ತು.

ಈಗ ಅಂಗಡಿಯ ಉದ್ರಿ ಪಟ್ಟಿ ಅದರಿಂದಲೇ ತೆಗೀತೀನಿ. ತುಂಬಾ ಥ್ಯಾಂಕ್ಸ್. ಮತ್ತೆ ಸಿಕ್ಕರೆ ಮಾಹಿತಿ ತುಂಬೋ ಫಾರ್ಮ್ ಮಾಡೋದನ್ನೂ ಹೇಳಿಕೊಡಿ, ಗಿರ್ಮಿಟ್ಟು-ಮಿರ್ಚಿ ನನ್ನ ಲೆಕ್ಕದಲ್ಲಿ.