ಬೈಕಿಗೆ ಆಶೀರ್ವಾದದ ಜೊತೆಗೆ ಸವಾರನಿಗೆ ಪ್ರಥಮ ಚಿಕಿತ್ಸೆಯ ತರಬೇತಿಯೂ ಇರಲಿ

ಮಾನ್ಯ ಸಂಪಾದಕರೇ,

ಹೊಸ ಬೈಕು ಕೊಂಡ ಕ್ರೈಸ್ತರು ಪಾದ್ರಿಯವರಿಂದ ಅದಕ್ಕೆ ಆಶೀರ್ವಾದ ಮಾಡಿಸುತ್ತಾರೆ, ಟ್ಯಾಂಕಿನ ಮೇಲೆ ಶಿಲುಬೆಯನ್ನೋ ಒಂದು ಬೈಬಲ್ ವಚನವನ್ನೋ ಅಂಟಿಸುತ್ತಾರೆ. ದಾರಿಗಿಳಿಯುವ ಮುನ್ನ ಪ್ರಾರ್ಥಿಸುವುದನ್ನು ನಾನೂ ತಪ್ಪಿಸುವುದಿಲ್ಲ. ಆದರೆ ಬೈಕನ್ನು ಆಶೀರ್ವದಿಸುವ ಚರ್ಚ್ ಸಭೆಗಳು, ಅದನ್ನು ಓಡಿಸುವವರಿಗೆ ರಸ್ತೆಯಲ್ಲಿ ಬಿದ್ದವರನ್ನು ಉಳಿಸುವ ವಿದ್ಯೆಯನ್ನೂ ಕಲಿಸಬೇಕೆಂದು ವಿನಂತಿಸಲು ಈ ಪತ್ರ ಬರೆಯುತ್ತಿದ್ದೇನೆ.

ಬೈಕ್ ಸವಾರರೆಂದರೆ ಪುಂಡರು ಎಂಬ ಭಾವನೆ ಚರ್ಚಿನ ಹಿರಿಯರಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ಆದರೆ 1962ರಲ್ಲಿ ಲಂಡನ್ನಿನ ಪಾದ್ರಿ ಬಿಲ್ ಶೆರ್ಗೋಲ್ಡ್ ಅವರು, ಊರೆಲ್ಲ ದೂರವಿಟ್ಟಿದ್ದ ಚರ್ಮದ ಜಾಕೆಟ್ಟಿನ ಹುಡುಗರು ಸೇರುತ್ತಿದ್ದ ಏಸ್ ಕೆಫೆಗೆ ತಾವೇ ಬೈಕಿನಲ್ಲಿ ಹೋಗಿ, ಅವರನ್ನು ಆರಾಧನೆಗೆ ಕರೆದರು. ಅಮೆರಿಕದಲ್ಲಿ 1975ರಲ್ಲಿ ಕ್ರಿಶ್ಚಿಯನ್ ಮೋಟರ್‌ಸೈಕ್ಲಿಸ್ಟ್ಸ್ ಅಸೋಸಿಯೇಷನ್ ಕಟ್ಟಿದ ಪಾದ್ರಿ ಹರ್ಬ್ ಶ್ರೀವ್ ಅವರು ಮೊದಲು ಬೈಕು ಹತ್ತಿದ್ದು ಮಗನಿಗೆ ಹತ್ತಿರವಾಗಬೇಕೆಂದು. ಸವಾರರಿಗೆ ಬೋಧನೆ ಮಾಡುವ ಮೊದಲು ಅವರೊಡನೆ ಸವಾರಿ ಮಾಡಿದ ಇಂಥವರ ಮಾತಿಗೆ ತೂಕವಿತ್ತು.

ದೇವಾಲಯದ ತುದಿಯಿಂದ ಧುಮುಕು, ದೇವದೂತರು ಹಿಡಿದುಕೊಳ್ಳುತ್ತಾರೆ ಎಂದು ಸೈತಾನನು ಹೇಳಿದಾಗ, ದೇವರನ್ನು ಪರೀಕ್ಷಿಸಬಾರದೆಂದು ಯೇಸು ನಿರಾಕರಿಸಿದ್ದನ್ನು ಬೈಬಲಿನ ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಓದುತ್ತೇವೆ. ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡು, ಪ್ರಾರ್ಥನೆ ಮಾಡಿಯೇ ಹೊರಟಿದ್ದೇನೆ ಎನ್ನುವವನು ಆ ತುದಿಯಲ್ಲೇ ನಿಂತಿದ್ದಾನೆ. ಹೆಲ್ಮೆಟ್ ಧರಿಸುವುದರಿಂದ ಅಪಘಾತದಲ್ಲಿ ಸಾಯುವ ಸಂಭವ ಸುಮಾರು ಶೇ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವ ಸುಮಾರು ಶೇ 69ರಷ್ಟು ಕಡಿಮೆಯಾಗುತ್ತದೆಂದು ಅನೇಕ ಅಧ್ಯಯನಗಳ ಒಟ್ಟಾರೆ ವಿಶ್ಲೇಷಣೆ ತೋರಿಸಿದೆ. ಗದ್ದದ ಪಟ್ಟಿ ಬಿಗಿಯದ ಹೆಲ್ಮೆಟ್ ಬಿದ್ದ ರಭಸಕ್ಕೆ ಕಳಚಿ ಹೋಗಬಹುದು. ಹಿಂದೆ ಕುಳಿತವರ ಜೀವವೂ ಸವಾರನ ಕೈಯಲ್ಲೇ ಇರುವುದರಿಂದ, ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆ ಹಿಂದಿನ ಸೀಟಿನಿಂದಲೇ ಆರಂಭವಾಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಕಥೆ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಅರೆಜೀವವಾಗಿ ಬಿದ್ದವನನ್ನು ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ಕಂಡು ಪಕ್ಕಕ್ಕೆ ಸರಿದು ಹೋದರು. ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯ ನಾಡಿನವನೊಬ್ಬನು ಗಾಯ ಕಟ್ಟಿ, ತನ್ನ ವಾಹನಪಶುವಿನ ಮೇಲೆ ಕೂರಿಸಿ, ಛತ್ರಕ್ಕೆ ಕರೆದೊಯ್ದನು. ಅದೇ ಕರುಣೆಯಿಂದ ನಾವು ಇಂದು ಗಾಯಾಳುವನ್ನು ಎತ್ತಿ ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಹೊರಟರೆ, ಬೆನ್ನುಮೂಳೆಗೆ ಪೆಟ್ಟಾಗಿದ್ದ ಪಕ್ಷದಲ್ಲಿ ಅವನು ಜೀವನಪೂರ್ತಿ ಕಾಲಿನ ಬಲ ಕಳೆದುಕೊಳ್ಳಬಹುದು. ಬಿದ್ದ ಸವಾರನು ಸರಾಗವಾಗಿ ಉಸಿರಾಡುತ್ತಿದ್ದರೆ ಹೆಲ್ಮೆಟ್ ಕೀಳದೆ ಮುಖದ ಗಾಜನ್ನಷ್ಟೇ ಮೇಲೆತ್ತಿ, ತಲೆಯೂ ಕುತ್ತಿಗೆಯೂ ಅಲುಗದಂತೆ ಎರಡು ಕೈಗಳಿಂದ ಹಿಡಿದಿರಬೇಕು. ಉಸಿರು ನಿಂತಿದ್ದರೆ ಅಥವಾ ವಾಂತಿಯಿಂದ ಕಟ್ಟುತ್ತಿದ್ದರೆ ಹೆಲ್ಮೆಟ್ ತೆಗೆಯಲೇಬೇಕು. ಆಗಲೂ ಒಬ್ಬರು ಕುತ್ತಿಗೆಗೆ ಆಧಾರ ಕೊಟ್ಟಿರುವಾಗ ಇನ್ನೊಬ್ಬರು ನಿಧಾನವಾಗಿ ಬಿಡಿಸಬೇಕು. ರಕ್ತ ಸುರಿಯುವ ಗಾಯದ ಮೇಲೆ ಶುಭ್ರವಾದ ಬಟ್ಟೆಯಿಟ್ಟು ಬಿಡದೆ ಒತ್ತಬೇಕು, ಬಾಯಿಗೆ ನೀರು ಹಾಕಬಾರದು. ಉಸಿರು ನಿಂತವರಿಗೆ ಎದೆ ಒತ್ತುವ ಕ್ರಮವನ್ನಂತೂ (ಸಿಪಿಆರ್) ಓದಿ ಕಲಿಯಲಾಗದು, ಬಲ್ಲವರ ಎದುರು ಕೈಯಾರೆ ಮಾಡಿಯೇ ಕಲಿಯಬೇಕು.

ಇದಕ್ಕೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ಬಹುತೇಕ ಸಭೆಗಳಲ್ಲಿ ಒಬ್ಬರಾದರೂ ದಾದಿಯರೋ ವೈದ್ಯರೋ ಇರುತ್ತಾರೆ. ಆಶೀರ್ವಾದದ ದಿನವೇ ಆರಾಧನೆ ಮುಗಿದ ಮೇಲೆ ಅವರಿಂದ ಒಂದು ತರಬೇತಿ ಕೊಡಿಸಿ, ಪ್ರತಿ ಸವಾರನ ಸೀಟಿನಡಿ ಗಾಯಪಟ್ಟಿ ಮತ್ತು ಕೈಗವಸು ಇರುವಂತೆ ಸಭೆಯ ಹಿರಿಯರು ನೋಡಿಕೊಳ್ಳಬೇಕು. ತಮ್ಮ ಪತ್ರಿಕೆಯೂ ಪ್ರಥಮ ಚಿಕಿತ್ಸೆಯ ಕ್ರಮವನ್ನು ಚಿತ್ರಗಳೊಂದಿಗೆ ಪ್ರಕಟಿಸಿದರೆ, ಯಾವ ಧರ್ಮದ ಸವಾರರಿಗಾದರೂ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಬೈಕ್ ಸವಾರ