ನೀರಿನ ದೆವ್ವಕ್ಕೆ ಅಬ್ಬರ ಬೇಡ

ಮಾನ್ಯರೇ,

ನೀರಿನ ಭಯವನ್ನೇ ನೆಚ್ಚಿಕೊಂಡ ದೆವ್ವದ ಚಿತ್ರಗಳ ಬಗ್ಗೆ ಸಿನಿಮಾ ಪುರವಣಿಯಲ್ಲಿ ಬಂದ ಬರಹ ಓದಿದೆವು. ಇಂಥ ಚಿತ್ರಗಳು ಸೋಲುವುದು ಕಳಪೆ ಗ್ರಾಫಿಕ್ಸ್‌ನಿಂದ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ದೆವ್ವ ಸುಳ್ಳಾಗಿದ್ದರೆ ಯಾರದೂ ತಕರಾರಿಲ್ಲ. ನೀರು ಸುಳ್ಳಾದರೆ ಹೆದರಿಕೆಯೇ ಹುಟ್ಟುವುದಿಲ್ಲ.

ಮುಳುಗುವ ದೃಶ್ಯವನ್ನೇ ತೆಗೆದುಕೊಳ್ಳಿ. ತೆರೆಯ ಮೇಲೆ ಮುಳುಗುವವರು ಕೈ ಬೀಸುತ್ತಾರೆ, ‘ಕಾಪಾಡಿ’ ಎಂದು ಅರಚುತ್ತಾರೆ, ನೀರನ್ನೆಲ್ಲ ನೊರೆ ಎಬ್ಬಿಸುತ್ತಾರೆ. ಗಾಬರಿಯ ಮೊದಲ ಹಂತದಲ್ಲಿ ಹೀಗಾಗುವುದುಂಟು. ಆದರೆ ಎಲ್ಲರಿಗೂ ಆ ಹಂತ ಬರುವುದಿಲ್ಲ. ನಿಜವಾಗಿ ಮುಳುಗುವಾಗ ಬಾಯಿ ನೀರಿನ ಮೇಲೆ ಬರುವುದು ಅರೆಗಳಿಗೆ ಮಾತ್ರ. ಉಸಿರು ಬಿಟ್ಟು ಎಳೆದುಕೊಳ್ಳುವುದಕ್ಕೇ ಅದು ಸರಿಹೋಗುತ್ತದೆ, ಇನ್ನು ಕೂಗುವುದೆಲ್ಲಿ? ದೇಹ ನೆಟ್ಟಗೆ ನಿಂತಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಪಕ್ಕಕ್ಕೆ ಚಾಚಿದ ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಇದನ್ನು ಗುರುತಿಸಿ ವಿವರಿಸಿದವರು ಅಮೆರಿಕದ ಜೀವರಕ್ಷಕ ಫ್ರಾಂಕ್ ಪಿಯಾ. ಪೂರ್ತಿ ಮುಳುಗುವ ಮುನ್ನ ಸಿಗುವ ಹೊತ್ತು ಸುಮಾರು 20ರಿಂದ 60 ಸೆಕೆಂಡ್. ಕಾಲೆಳೆಯುವ ಕೈ ತೋರಿಸುವ ಬದಲು, ಮುಂದುಗಡೆ ನಾಲ್ಕು ಜನ ಹರಟುತ್ತಿರುವಾಗ ಹಿಂದುಗಡೆ ಒಂದು ತಲೆ ಸದ್ದಿಲ್ಲದೆ ಇಳಿಯುವುದನ್ನು 40 ಸೆಕೆಂಡ್ ಕಟ್ ಮಾಡದೆ ತೋರಿಸಿ. ಅದಕ್ಕಿಂತ ದೊಡ್ಡ ದೆವ್ವ ಬೇಕಿಲ್ಲ.

ಶಬ್ದದ ಕೆಲಸದಲ್ಲಂತೂ ತಪ್ಪು ಇನ್ನೂ ದೊಡ್ಡದು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುವ ಸದ್ದು ನೀರಿನಲ್ಲಿ ಸುಮಾರು 1,480 ಮೀಟರ್ ಓಡುತ್ತದೆ. ಎರಡೂ ಕಿವಿಗಳಿಗೆ ಹೆಚ್ಚುಕಡಿಮೆ ಒಟ್ಟಿಗೇ ತಲುಪುವುದರಿಂದ ಅದು ಯಾವ ದಿಕ್ಕಿನದು ಎಂದು ತಿಳಿಯುವುದಿಲ್ಲ. ಹೀಗಿದ್ದೂ ಮಿಕ್ಸಿಂಗ್‌ನಲ್ಲಿ ದೆವ್ವದ ಪಿಸುಮಾತನ್ನು ಎಡದಿಂದ ಬಲಕ್ಕೆ ಓಡಿಸುತ್ತಾರೆ! ತಲೆ ನೀರಿಗಿಳಿದ ಕೂಡಲೇ ಸುತ್ತಲಿನ ಸ್ಪೀಕರುಗಳನ್ನು ಬಿಟ್ಟು, ಎಲ್ಲ ಸದ್ದನ್ನೂ ನಡುವಿಗೆ ತಂದು, ಕೀರಲು ಅಂಶವನ್ನು ಕತ್ತರಿಸಿದರೆ ಪ್ರೇಕ್ಷಕನಿಗೂ ದಿಕ್ಕು ತಪ್ಪುತ್ತದೆ. ದಡದಲ್ಲಿ ನಿಂತವರ ಕೂಗು ಕೆಳಗೆ ಸ್ಪಷ್ಟವಾಗಿ ಕೇಳಿಸುವುದೂ ಸುಳ್ಳೇ. ಗಾಳಿಯಿಂದ ಬಂದ ಸದ್ದಿನ ಬಹುಪಾಲು ಶಕ್ತಿಯನ್ನು ನೀರಿನ ಮೇಲ್ಮೈ ಹಿಂದಕ್ಕೆ ಅಟ್ಟಿಬಿಡುತ್ತದೆ.

ಇನ್ನು ನೋಟ. ನಿಂತ ನೀರಿನಡಿಯಿಂದ ಮೇಲೆ ನೋಡಿದರೆ ಹೊರಗಿನ ಜಗತ್ತೆಲ್ಲ ಸುಮಾರು 97 ಡಿಗ್ರಿಯ ಒಂದು ಬೆಳಕಿನ ವೃತ್ತದೊಳಗೆ ಇಕ್ಕಟ್ಟಾಗಿ ಕೂತಿರುತ್ತದೆ. ಅದರಾಚೆ ಮೇಲ್ಮೈ ಕನ್ನಡಿಯಾಗಿ ತಳವನ್ನೇ ತಲೆಕೆಳಗಾಗಿ ತೋರಿಸುತ್ತದೆ. ಅಂದರೆ ದಡದಲ್ಲಿ ನಿಂತ ಆಕೃತಿ ವೃತ್ತದ ಅಂಚಿನಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ನಾಯಕಿಯ ಬೆನ್ನ ಹಿಂದೆ ತಳದಲ್ಲಿ ಬಿದ್ದಿರುವುದು ಅವಳ ತಲೆಯ ಮೇಲಿನ ಕನ್ನಡಿಯಲ್ಲಿ ಕಾಣಿಸಬಹುದು. ಗ್ರಾಫಿಕ್ಸಿಗೆ ಬಿಡಿಗಾಸೂ ಬೇಡ. ಆದರೆ ಕ್ಯಾಮೆರಾ ಇಡುವ, ನೀರು ನುಗ್ಗದ ಪೆಟ್ಟಿಗೆಗೆ ಚಪ್ಪಟೆ ಗಾಜು ಹಾಕಿದರೆ 24 ಮಿ.ಮೀ. ಲೆನ್ಸ್ ಸುಮಾರು 32 ಮಿ.ಮೀ.ನಂತೆ ವರ್ತಿಸಿ, ನೋಟ ಕಿರಿದಾಗಿ, ವೃತ್ತ ಚೌಕಟ್ಟಿನಿಂದಾಚೆ ಹೋಗುತ್ತದೆ. ಅತಿ ಅಗಲದ ಲೆನ್ಸ್, ಗುಮ್ಮಟದಂಥ ಡೋಮ್ ಗಾಜು ಎರಡೂ ಬೇಕು. ದೀಪವನ್ನು ಲೆನ್ಸಿನ ಪಕ್ಕಕ್ಕೇ ಕಟ್ಟಿದರೆ ನೀರಿನ ಕಣಗಳೆಲ್ಲ ಹೊಳೆದು ಮಂಜು ಕವಿಯುತ್ತದೆ. ದೂರಕ್ಕೆ, ಓರೆಯಾಗಿ ಇಡಬೇಕು. ಈಜುಗನ್ನಡಕವಿಲ್ಲದ ಕಣ್ಣಿಗೆ ನೀರೊಳಗೆ ಎಲ್ಲವೂ ಮಸುಕು. ಆದ್ದರಿಂದ ಪಾತ್ರದ ಕಣ್ಣಿನಿಂದ ತೆಗೆದ ಶಾಟ್‌ನಲ್ಲಿ ದೆವ್ವದ ಮುಖ ನಿಚ್ಚಳವಾಗಿ ಕಾಣಬೇಕಿಲ್ಲ, ಕಾಣಲೂಬಾರದು.

ನೀರಿಗೆ ಹೆದರುವವಳನ್ನು ಗೆಳೆಯ ಕೊಳಕ್ಕೆ ತಳ್ಳಿದೊಡನೆ ಭಯ ಬಿಟ್ಟುಹೋಗುವ ದೃಶ್ಯವನ್ನು ದಯವಿಟ್ಟು ಬರೆಯಬೇಡಿ. ಹಾಗೆ ತಳ್ಳಿದರೆ ಭಯ ಬೇರೂರುವ ಸಾಧ್ಯತೆಯೇ ಹೆಚ್ಚು. ಮುಖ ಒದ್ದೆ ಮಾಡಿಕೊಳ್ಳುವುದು, ಮೊಣಕಾಲುದ್ದ ನೀರಿನಲ್ಲಿ ನಿಲ್ಲುವುದು, ಬಾಯಿ ಮುಳುಗಿಸಿ ಗುಳ್ಳೆ ಬಿಡುವುದು, ಹೀಗೆ ಹೆದರುವವರ ಒಪ್ಪಿಗೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಸಾಗುವುದು ಚಿಕಿತ್ಸೆಯ ದಾರಿ.

ವಿಮರ್ಶಕರು ಕೇಳದಿದ್ದರೂ ನಿರ್ಮಾಪಕರು ಕೇಳಿಕೊಳ್ಳಬೇಕಾದ್ದು ಸೆಟ್‌ನ ಸುರಕ್ಷತೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖ ಹೀರುತ್ತದೆ. ತಾಸುಗಟ್ಟಲೆ ಚಿತ್ರೀಕರಣವಿದ್ದರೆ ತೊಟ್ಟಿಯ ನೀರು 30 ಡಿಗ್ರಿಗೂ ಮೇಲಿರಲಿ. ಹೆಚ್ಚು ಹೊತ್ತು ಮುಳುಗಿರಲೆಂದು ಕಲಾವಿದರಿಗೆ ಬೇಗಬೇಗ ಉಸಿರಾಡಿಸುವ ರೂಢಿ ಅಪಾಯಕಾರಿ. ಅದರಿಂದ ಆಮ್ಲಜನಕವೇನೂ ಹೆಚ್ಚುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಇಳಿದು, ಉಸಿರೆಳೆಯಬೇಕೆಂಬ ತುಡಿತ ಬರುವ ಮುನ್ನವೇ ಪ್ರಜ್ಞೆ ತಪ್ಪಬಹುದು. ಸಹಾಯಕ ಡೈವರ್‌ನ ಸಿಲಿಂಡರಿನಿಂದ ಗಾಳಿ ಎಳೆದುಕೊಂಡವರು ಮೇಲೇರುವಾಗ ಉಸಿರು ಬಿಡುತ್ತಲೇ ಇರಬೇಕು. ಹಿಡಿದಿಟ್ಟುಕೊಂಡರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಒಂದೆರಡು ಮೀಟರ್ ಆಳವೂ ಅದಕ್ಕೆ ಸಾಕು. ಕಲಾವಿದರಿಗೆ ಇದರ ತರಬೇತಿ ಕೊಡಲಾಗದ ತಂಡ ಆ ಶಾಟ್ ಕೈಬಿಡಲಿ.

– ನೀರೊಳಗಿನ ಚಿತ್ರೀಕರಣದ ತಂತ್ರಜ್ಞರು