ಇರುವೆಯ ಚಪ್ಪಲಿ ಮತ್ತು ಆನೆಯ ಹೆಲ್ಮೆಟ್

ಪುಟ್ಟಿ,

ಮಾವನ ಮಕ್ಕಳು ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕ ಜೋಕನ್ನೇ ನೀನು ಹೇಳಿದರೆ ಯಾರೂ ನಗಲಿಲ್ಲ ಅಂತ ಫೋನಿನಲ್ಲಿ ಮುಖ ಊದಿಸಿಕೊಂಡೆಯಲ್ಲ. ಅಜ್ಜಿ ಊಟಕ್ಕೆ ಕರೆದರು ಅಂತ ಉತ್ತರ ಕೇಳದೇ ಓಡಿಹೋದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇರುವೆಗೆ ಆರು ಕಾಲಲ್ವಾ, ಅದಕ್ಕೇ ಮೂರು ಜೊತೆ ಚಪ್ಪಲಿ ಹಾಕಿಕೊಂಡು ಆಟಕ್ಕೆ ಬಂತು ಅಂತ ಶುರು ಮಾಡಿದೆಯಂತೆ. ಅಲ್ಲೇ ಕೆಟ್ಟಿತು ನೋಡು. ಲೆಕ್ಕ ಸರಿ, ಆದರೆ ಚಪ್ಪಲಿಯನ್ನು ಕೊನೆಯವರೆಗೂ ಬಚ್ಚಿಡಬೇಕು. ಆನೆ, ಇರುವೆ ಕಣ್ಣಾಮುಚ್ಚಾಲೆ ಆಡುತ್ತಿದ್ದವು. ಇರುವೆ ಹೋಗಿ ದೇವಸ್ಥಾನದೊಳಗೆ ಅವಿತುಕೊಂಡಿತು. ಆನೆ ಸೀದಾ ಬಂದು ಹಿಡಿದುಬಿಟ್ಟಿತು. ಹೇಗೆ? ಇರುವೆಯ ಚಪ್ಪಲಿ ಬಾಗಿಲಲ್ಲೇ ಇತ್ತು! ಅಷ್ಟೇ. ಇರುವೆ ಚಪ್ಪಲಿ ಹಾಕುವುದು ಶುದ್ಧ ಸುಳ್ಳು, ಆದರೆ ದೇವಸ್ಥಾನಕ್ಕೆ ಹೋಗುವವರು ಚಪ್ಪಲಿ ಹೊರಗೆ ಬಿಡುತ್ತಾರೆ ಅನ್ನುವುದು ಅಪ್ಪಟ ನಿಜ, ಆ ನಿಜ ಎಷ್ಟು ಸಲೀಸಾಗಿ ಬಂದು ಕೂರುತ್ತದೆ ಅಂದರೆ ಸುಳ್ಳನ್ನು ಯಾವಾಗ ಒಪ್ಪಿಕೊಂಡೆವು ಅಂತಲೇ ಗೊತ್ತಾಗುವುದಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗುವ ಅಭ್ಯಾಸವೇ ಇಲ್ಲದ ದೇಶದಲ್ಲಿ ಈ ಜೋಕು ಹೇಳಿದರೆ ಮಿಕಿ ಮಿಕಿ ನೋಡುತ್ತಾರೆ.

ಸ್ಕೂಟರ್ ಜೋಕೂ ಹಾಗೇ. ಇರುವೆ ಓಡಿಸುತ್ತಿತ್ತು, ಆನೆ ಹಿಂದೆ ಕೂತಿತ್ತು. ಲಾರಿಗೆ ಗುದ್ದಿದರು. ಆನೆಗೆ ತಲೆ ಒಡೆಯಿತು, ಇರುವೆಗೆ ಏನೂ ಆಗಲಿಲ್ಲ, ಯಾಕೆಂದರೆ ಅದು ಹೆಲ್ಮೆಟ್ ಹಾಕಿತ್ತು. ನಾಲ್ಕು ಸಾವಿರ ಕಿಲೋ ತೂಗುವ ಆನೆ ಸ್ಕೂಟರ್ ಸೀಟಿನ ಮೇಲೆ ಹೇಗೆ ಕೂತಿತು ಅಂತ ಯಾರೂ ಕೇಳುವುದಿಲ್ಲ ಗಮನಿಸಿದೆಯಾ? (ನಮ್ಮ ರಾಜ್ಯದಲ್ಲಿ 2016ರಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಹಾಗಾಗಿ ಆನೆಗೆ ದಂಡವೂ ಬೀಳಬೇಕಿತ್ತು.)

1960ರ ದಶಕದ ಶುರುವಿನಲ್ಲಿ ಅಮೆರಿಕದಲ್ಲೂ ಆನೆ ಜೋಕುಗಳ ಹುಚ್ಚು ಹಿಡಿದಿತ್ತು. ಅಲ್ಲಿ ಇರುವೆ ಇಲ್ಲ, ಫ್ರಿಜ್ ಇದೆ. ಫ್ರಿಜ್ಜಿನೊಳಗೆ ಆನೆ ಬಂದು ಹೋಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಬೆಣ್ಣೆಯ ಮೇಲೆ ಹೆಜ್ಜೆ ಗುರುತು ಇರುತ್ತದೆ. ನನಗೆ ಇದು ನಮ್ಮ ಹೆಲ್ಮೆಟ್ಟಿಗಿಂತ ಜಾಸ್ತಿ ಇಷ್ಟ. ಎಷ್ಟು ದೊಡ್ಡ ಸುಳ್ಳು, ಎಷ್ಟು ಚಿಕ್ಕ ಸಾಕ್ಷಿ!

ದೊಡ್ಡ ದೊಡ್ಡವರೂ ಇದರ ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆ ಕಣೇ. ಜರ್ಮನಿಯ ಕಾಂಟ್ ಅನ್ನುವ ತತ್ವಜ್ಞಾನಿ, ಬಲು ಗಂಭೀರ ಮನುಷ್ಯ, 1790ರ ಪುಸ್ತಕವೊಂದರಲ್ಲಿ ನಗುವಿನ ಬಗ್ಗೆ ಬರೆಯುತ್ತಾ ನಮ್ಮ ಸೂರತ್ ಊರಿನದೊಂದು ಜೋಕು ಹೇಳುತ್ತಾನೆ. ಇಂಗ್ಲಿಷಿನವನೊಬ್ಬ ಬಾಟಲಿ ಬಿಚ್ಚಿದ, ನೊರೆ ಬುಸಬುಸ ಉಕ್ಕಿತು. ಭಾರತದವನೊಬ್ಬ ಬೆರಗಾಗಿ ನಿಂತ. ಅದರಲ್ಲೇನು ಆಶ್ಚರ್ಯ ಅಂತ ಕೇಳಿದರೆ, ಹೊರಗೆ ಬಂದದ್ದಕ್ಕಲ್ಲ, ಇಷ್ಟನ್ನೂ ಒಳಗೆ ಹೇಗೆ ತುಂಬಿದಿರಿ ಅಂತ ಯೋಚಿಸುತ್ತಿದ್ದೇನೆ ಅಂದನಂತೆ! ನಾವು ಏನೋ ಬರುತ್ತದೆ ಅಂತ ಬಿಗಿಯಾಗಿ ಕಾಯುತ್ತಿರುತ್ತೇವೆ, ಅದು ಇದ್ದಕ್ಕಿದ್ದಂತೆ ಏನೂ ಅಲ್ಲದೇ ಹೋಗುತ್ತದೆ, ಆಗ ನಗು ಬರುತ್ತದೆ ಅನ್ನುವುದು ಅವನ ಮಾತು. ಅಂದಮೇಲೆ ಕೇಳುವವರನ್ನು ಕಾಯಿಸಬೇಕು. ನೀನು ಮೊದಲೇ ಚಪ್ಪಲಿ ತೋರಿಸಿಬಿಟ್ಟರೆ ಅವರು ಏನಕ್ಕೆ ಕಾಯುತ್ತಾರೆ?

ಇನ್ನೊಂದು ವಿಷಯ. ಹೇಳುವಾಗ ನೀನು ನಗಬಾರದು, ಕಷ್ಟ, ಆದರೂ ತುಟಿ ಕಚ್ಚಿಕೋ. ಇರುವೆಯ ಕಷ್ಟಸುಖ ಹೇಳುತ್ತಿರುವ ಹಾಗೆ ಇರಲಿ ಮುಖ. ಹೇಳಿ ಮುಗಿಸಿದ ಮೇಲೆ "ಅರ್ಥ ಆಯ್ತಾ?" ಅಂತ ಮಾತ್ರ ಕೇಳಬೇಡ.

ರಾತ್ರಿ ಊಟ ಆದಮೇಲೆ ತಾತನಿಗೆ ಇದನ್ನು ಹೇಳಿ ನೋಡು. ಇರುವೆ ಆಸ್ಪತ್ರೆ ಕಡೆ ಒಂದೇ ಸಮನೆ ಓಡುತ್ತಿತ್ತು. ದಾರಿಯಲ್ಲಿ ಸಿಕ್ಕಿದ ಜಿರಲೆ ಯಾಕೋ ಇಷ್ಟು ಅವಸರ ಅಂತ ಕೇಳಿತು. "ಆನೆಗೆ ಆಕ್ಸಿಡೆಂಟ್ ಆಗಿದೆ ಮಾರಾಯ, ರಕ್ತ ಕೊಡೋಕೆ ಹೋಗ್ತಿದ್ದೀನಿ." ಇಷ್ಟು ಹೇಳಿ ಸುಮ್ನೆ ಕೂತುಬಿಡು. ತಾತ ತಕ್ಷಣ ನಗದಿದ್ದರೆ ಗಾಬರಿ ಬೀಳಬೇಡ, ಅವರಿಗೆ ಯಾವಾಗಲೂ ಸ್ವಲ್ಪ ತಡ.

ನಿನ್ನ
ಅಪ್ಪ